ಮುದಿ ನಾಯಿಯ ಸಂಧಿನೋವಿಗೆ ಸಿಬಿಡಿ ಎಣ್ಣೆ: ಎಷ್ಟು ಎಂಎಲ್?

ಪ್ರಶ್ನೆ: ಲ್ಯಾಬ್ರಡಾರ್, 12 ವರ್ಷ, 28 ಕೆಜಿ. ಹಿಂಗಾಲು ಬಿಗಿತ, ರಾತ್ರಿಯೆಲ್ಲ ಚಡಪಡಿಕೆ. 30 ಎಂಎಲ್ ಬಾಟಲಿಯಲ್ಲಿ 1500 ಮಿ.ಗ್ರಾಂ ಸಿಬಿಡಿ (ಗಾಂಜಾ ಜಾತಿಯ ಗಿಡದಿಂದ ತೆಗೆದ, ನಶೆ ಏರಿಸದ ಅಂಶ) ಇದೆ. ಎಷ್ಟು ಕೊಡಬೇಕು?

ಉತ್ತರ 1: ಅಂದ್ರೆ ಎಂಎಲ್‌ಗೆ 50 ಮಿ.ಗ್ರಾಂ. 2018ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ನಾಯಿಗಳಿಗೆ ಕೊಟ್ಟಿದ್ದು ಕೆಜಿಗೆ 2 ಮಿ.ಗ್ರಾಂ, 12 ಗಂಟೆಗೊಮ್ಮೆ. ನಿಮ್ಮ ನಾಯಿಗೆ ಒಂದು ಹೊತ್ತಿಗೆ ಸುಮಾರು 1.1 ಎಂಎಲ್ ಆಗುತ್ತೆ. ಮೊದಲ ದಿನವೇ ಅಷ್ಟು ಬೇಡ, ಡಾಕ್ಟರನ್ನು ಕೇಳಿ 0.3 ಎಂಎಲ್‌ನಿಂದ ಶುರು ಮಾಡಿ. ಊಟದ ಜೊತೆಗೇ ಕೊಡಿ, ಖಾಲಿ ಹೊಟ್ಟೆಯಲ್ಲಿ ಮೈಗೆ ಹತ್ತೋದು ಕಮ್ಮಿ.

ಉತ್ತರ 2: ಮೊದಲು ಲ್ಯಾಬ್ ರಿಪೋರ್ಟಲ್ಲಿ ಟಿಎಚ್‌ಸಿ (ಗಾಂಜಾದಲ್ಲಿ ನಶೆ ಏರಿಸುವ ಅಂಶ) ಎಷ್ಟಿದೆ ನೋಡಿ. ಅದು ಹೆಚ್ಚಾದ್ರೆ ನಾಯಿ ತೂರಾಡುತ್ತೆ, ನಿಂತಲ್ಲೇ ಮೂತ್ರ ತೊಟ್ಟಿಕ್ಕುತ್ತೆ. ಕ್ಸೈಲಿಟಾಲ್ (ನಾಯಿಗೆ ವಿಷವಾಗುವ ಸಿಹಿಕಾರಕ) ಇದ್ದರಂತೂ ಮುಟ್ಟಲೇಬೇಡಿ. ಲಿವರಿನ ಎಎಲ್‌ಪಿ ಎಂಬ ಕಿಣ್ವ (ಎನ್ಜೈಮ್) ಏರಬಹುದು. ಶುರುವಿಗೆ ಮುಂಚೆ ಒಮ್ಮೆ, ತಿಂಗಳಾದ ಮೇಲೆ ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ಫಿಟ್ಸ್‌ಗೆ ಫಿನೋಬಾರ್ಬಿಟಾಲ್ ನಡೀತಿದ್ರೆ ಡಾಕ್ಟರಿಗೆ ಹೇಳದೆ ಸೇರಿಸಬೇಡಿ.

ಉತ್ತರ 3: ಚಡಪಡಿಕೆ ನೋವಿನದೋ ಮುಪ್ಪಿನ ಮರೆವಿನದೋ? ಮೂಲೆಗೆ ಮುಖ ಮಾಡಿ ಸುಮ್ಮನೆ ನಿಲ್ಲುತ್ತಿದ್ದರೆ ಎರಡನೆಯದು ಇರಬಹುದು. ಟೈಲ್ಸ್ ಮೇಲೆ ಜಾರದ ಮ್ಯಾಟ್ ಹಾಸಿದ್ದೀರಾ?