ಬಿಸಿಗೆ ಕುಗ್ಗುವ ಮೈಕ್ರೋಜೆಲ್ ಬಫರಿನಲ್ಲಿ ಗಂಟುಕಟ್ಟುತ್ತಿದೆ, ಅನುಭವ ಇದ್ದವರು ಹೇಳಿ

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟಿಗೆ ಪಿನಿಪಾಮ್ ಎಂಬ ಪಾಲಿಮರಿನ ಮೈಕ್ರೋಜೆಲ್ (ನೀರು ಹೀರಿ ಹಿಗ್ಗುವ ಅತಿ ಸಣ್ಣ ಜೆಲ್ ಕಣಗಳು) ಮಾಡಿದ್ದೇನೆ. ಬರೀ ನೀರಿನಲ್ಲಿ 25 ಡಿಗ್ರಿಯಿಂದ 40 ಡಿಗ್ರಿಗೆ ಹೋದರೆ ಚೆನ್ನಾಗಿ ಕುಗ್ಗುತ್ತದೆ. ಪಿಬಿಎಸ್ ಬಫರಿನಲ್ಲಿ (ಪಿಎಚ್ ಸ್ಥಿರವಾಗಿಡುವ ಉಪ್ಪಿನ ದ್ರಾವಣ) ಮಾತ್ರ 35 ದಾಟಿದರೆ ಡಿಎಲ್‌ಎಸ್ (ಬೆಳಕಿನಿಂದ ಕಣದ ಗಾತ್ರ ಅಳೆಯುವ ಯಂತ್ರ) ಸಾವಿರಾರು ನ್ಯಾನೊಮೀಟರ್ ತೋರಿಸುತ್ತದೆ. ಬ್ಯಾಚ್ ಹಾಳಾಗಿದೆಯಾ?

ಉತ್ತರ 1: ದಯವಿಟ್ಟು ಚೆಲ್ಲಬೇಡಿ. ಇದೇ ಕಾರಣಕ್ಕೆ ನಾನು ಒಳ್ಳೆಯ ಬ್ಯಾಚ್ ಒಂದನ್ನು ಚೆಲ್ಲಿ ಆಮೇಲೆ ತುಂಬಾ ಬೇಜಾರು ಮಾಡಿಕೊಂಡಿದ್ದೆ. ಹಿಗ್ಗಿರುವಾಗ ಕಣದ ತುಂಬಾ ನೀರೇ ಇರುತ್ತದೆ, ಒಂದನ್ನೊಂದು ಅಷ್ಟಾಗಿ ಎಳೆಯುವುದಿಲ್ಲ. 32 ಡಿಗ್ರಿ ಆಸುಪಾಸಿನಲ್ಲಿ ಪಾಲಿಮರ್ ಸರಪಳಿಗಳು ನೀರನ್ನು ಬಿಟ್ಟು ತಮ್ಮತಮ್ಮಲ್ಲೇ ಅಂಟಿಕೊಳ್ಳುತ್ತವೆ. ಆಗ ಕಣಗಳ ನಡುವಿನ ಸೆಳೆತವೂ ಜಾಸ್ತಿಯಾಗುತ್ತದೆ. ಪಾಲಿಮರ್ ಆಗುವುದನ್ನು ಶುರುಮಾಡಲು ಪೊಟ್ಯಾಸಿಯಂ ಪರ್‌ಸಲ್ಫೇಟ್ ಹಾಕಿ ಮಾಡಿದ್ದೀರಿ ಅಲ್ವಾ? ಅದರಿಂದ ಸರಪಳಿಯ ತುದಿಯಲ್ಲಿ ಉಳಿಯುವ ಋಣ ಚಾರ್ಜೇ ಕಣಗಳನ್ನು ದೂರ ಇಡುವುದು. ಬಫರಿನ ಉಪ್ಪು ಆ ಚಾರ್ಜನ್ನು ಮರೆಮಾಡಿಬಿಡುತ್ತದೆ.

40 ಡಿಗ್ರಿಯಲ್ಲಿ ಎರಡೂ ಕ್ಯೂವೆಟ್‌ಗಳನ್ನು (ಅಳತೆಗೆ ಸ್ಯಾಂಪಲ್ ಹಾಕುವ ಪಾರದರ್ಶಕ ಪುಟ್ಟ ಡಬ್ಬಿ) ಬೆಳಕಿಗೆ ಹಿಡಿದು ನೋಡಿ. ನೀರಿನದು ಬೆಳ್ಳಗೆ, ಆದರೆ ಒಂದೇ ಸಮ ಇರುತ್ತದೆ. ಬಫರಿನದು ಒಡೆದ ಹಾಲಿನ ಹಾಗೆ ತರಿತರಿ. ತಣ್ಣಗೆ ಮಾಡಿ ಮೆಲ್ಲಗೆ ಅಲ್ಲಾಡಿಸಿದರೆ ನನ್ನದರಲ್ಲಿ ತರಿಗಳು ಬಿಟ್ಟುಕೊಂಡವು. ಮೊದಲು 1 ಮಿಲಿಮೋಲಾರ್ ಉಪ್ಪಿನಲ್ಲಿ ಅಳೆದು, ಆಮೇಲೆ ಹೆಚ್ಚಿಸುತ್ತಾ ಹೋಗಿ.

ಉತ್ತರ 2: ಅಡುಗೆ ಉಪ್ಪು ಕುಗ್ಗುವ ತಾಪಮಾನವನ್ನೂ ಸ್ವಲ್ಪ ಕೆಳಗಿಳಿಸುತ್ತದೆ. ಹಾಗಾಗಿ 28ರಿಂದ 36ರವರೆಗೆ ಒಂದೊಂದೇ ಡಿಗ್ರಿ ಏರಿಸಿ. ಕಣ ಕುಗ್ಗಲು ಒಂದು ಸೆಕೆಂಡೂ ಬೇಡ, ಕ್ಯೂವೆಟಿನ ನೀರು ಬಿಸಿಯಾಗುವುದೇ ನಿಧಾನ. ಪ್ರತಿ ಸಲ ಹತ್ತು ನಿಮಿಷ ಬಿಡಿ.

ಇನ್ನೊಂದು, ಡಿಎಲ್‌ಎಸ್‌ನಲ್ಲಿ ವಿಸ್ಕೋಸಿಟಿ (ದ್ರವದ ಸ್ನಿಗ್ಧತೆ) ಸೆಟ್ಟಿಂಗ್ ನೋಡಿದ್ದೀರಾ? ನೀರಿನದು 25 ಡಿಗ್ರಿಯಲ್ಲಿ 0.89, 40ರಲ್ಲಿ 0.65 ಮಿಲಿಪ್ಯಾಸ್ಕಲ್ ಸೆಕೆಂಡ್. 40ರಲ್ಲೂ 0.89 ಅನ್ನೇ ಬಿಟ್ಟರೆ ಕಣ ನಿಜಕ್ಕಿಂತ ಕಾಲು ಭಾಗಕ್ಕೂ ಜಾಸ್ತಿ ಚಿಕ್ಕದಾಗಿ ಕಾಣುತ್ತದೆ.

ಉತ್ತರ 3: ಬಫರ್ ಬೇಕೇ ಬೇಕು ಅಂದರೆ ಮುಂದಿನ ಬ್ಯಾಚಿಗೆ ಸ್ವಲ್ಪ ಅಕ್ರಿಲಿಕ್ ಆಸಿಡ್ ಸೇರಿಸಿ ನೋಡಿ. ನನಗೆ ಅನುಕೂಲವಾಯಿತು. ಪಿಎಚ್ 3ರಲ್ಲಿ ಅದು ಮಾಮೂಲಿ ಪಿನಿಪಾಮ್ ಹಾಗೇ ಕುಗ್ಗುತ್ತದೆ. 7ರಲ್ಲಿ ಆಸಿಡ್ ಗುಂಪುಗಳಿಗೆ ಚಾರ್ಜ್ ಬಂದು ಒಂದನ್ನೊಂದು ತಳ್ಳುತ್ತವೆ, ಜೆಲ್ ಇನ್ನೂ ಹಿಗ್ಗುತ್ತದೆ, 32 ಡಿಗ್ರಿಗೆ ಕುಗ್ಗುವುದಿಲ್ಲ. ಜಾಸ್ತಿ ಹಾಕಿದರೆ ಕುಗ್ಗುವುದೇ ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಸೆಟ್ಟಿಂಗ್ 0.89 ಅಂತಲೇ ಇತ್ತು! ನೀರಿನ ಅಳತೆಯನ್ನೂ ನಾಳೆ ಮೊದಲಿಂದ ತೆಗೆಯುತ್ತೇನೆ.