ಪೊಲೀಸರ ನಾಗರಿಕ ಸಮಿತಿ ಸಭೆಯಲ್ಲಿ ಏನು ಕೇಳಬೇಕು? ಹಸಿರು ಬಾಣ ನೋಡಿ ಚಪ್ಪಾಳೆ ತಟ್ಟಿ ಬಂದಿದ್ದೇನೆ

ಮೂರನೇ ಸಾಲಿನ ಕುರ್ಚಿ:

ಬಡಾವಣೆ ಸಂಘದ ಕಾರ್ಯದರ್ಶಿ ಎಂಬ ಒಂದೇ ಕಾರಣಕ್ಕೆ ನನ್ನನ್ನು ಪೊಲೀಸರ ನಾಗರಿಕ ಸಮಿತಿಗೆ ಸೇರಿಸಿದ್ದಾರೆ. ಮೂರು ತಿಂಗಳಿಗೊಮ್ಮೆ ಸಭೆ. ಕಳೆದ ವಾರ ಮೊದಲ ಸಲ ಹೋಗಿದ್ದೆ. ಪರದೆಯ ಮೇಲೆ ಮನೆಗಳವು, ಸರಗಳವು, ವಾಹನ ಕಳವು ಎಂದು ಒಂದರ ಕೆಳಗೊಂದು ಸಾಲು. ಪ್ರತಿ ಸಾಲಿನ ತುದಿಗೆ ಕೆಳಗೆ ಮುಖ ಮಾಡಿದ ಹಸಿರು ಬಾಣ. "ಇದೆಲ್ಲ ನಿಮ್ಮ ಸಹಕಾರದಿಂದ" ಎಂದರು ಹಿರಿಯ ಅಧಿಕಾರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮನೆಗೆ ಬರುವ ದಾರಿಯಲ್ಲಿ ಲೆಕ್ಕ ಹಾಕಿದೆ. ನಮ್ಮ ಒಂದೇ ಬೀದಿಯಲ್ಲಿ ಈ ವರ್ಷ ಮೂವರ ಮೊಬೈಲ್ ಕಿತ್ತುಕೊಂಡು ಹೋಗಿದ್ದಾರೆ. ಅವು ಆ ಬಾಣಗಳಲ್ಲಿ ಎಲ್ಲಿವೆ? ಇಪ್ಪತ್ತೆಂಟು ವರ್ಷ ಗಣಿತ ಪಾಠ ಮಾಡಿದವಳು ನಾನು. ಮಕ್ಕಳು ಉತ್ತರ ಮಾತ್ರ ಬರೆದು ಲೆಕ್ಕ ಮಾಡಿದ ವಿಧಾನ ತೋರಿಸದಿದ್ದರೆ ಅಂಕ ಕೊಡುತ್ತಿರಲಿಲ್ಲ. ಇಲ್ಲಿ ಮಾತ್ರ ಚಪ್ಪಾಳೆ ಕೊಟ್ಟು ಬಂದೆ.

ಮುಂದಿನ ಸಭೆಯಲ್ಲಿ ಹೊಸ ವರ್ಷದ ಕಾರ್ಯಯೋಜನೆ ಮಂಡಿಸುತ್ತಾರಂತೆ. ನನ್ನಂಥವರು ಏನು ಕೇಳಿದರೆ ಪ್ರಯೋಜನ? ಜಗಳ ಆಡುವ ಉದ್ದೇಶ ನನಗಿಲ್ಲ. ಆದರೆ ಬರೀ ಕುರ್ಚಿ ತುಂಬಿಸಲು ಹೋಗಲಾರೆ.

ಬೇಸತ್ತವನು:

ಏನೂ ಕೇಳಬೇಡಿ, ಚಹಾ ಕುಡಿದು ಬನ್ನಿ. ಇಂಥ ಸಮಿತಿಯಲ್ಲಿ ನಾನು ಎರಡು ವರ್ಷ ಇದ್ದೆ. ಬೀದಿದೀಪ, ನಾಯಿಕಾಟ, ಅಡ್ಡಾದಿಡ್ಡಿ ನಿಲ್ಲಿಸಿದ ವಾಹನ, ಇಷ್ಟರಲ್ಲೇ ಸಭೆ ಮುಗಿಯುತ್ತದೆ. ಪೊಲೀಸರ ಕೆಲಸದ ಬಗ್ಗೆ ಒಂದು ಮಾತೂ ಬರುವುದಿಲ್ಲ.

ಹಳೆಯ ಗುಮಾಸ್ತ:

ಮೇಡಂ, ಮೇಲಿನವರ ಮಾತು ಅರ್ಧ ನಿಜ. ಬೀದಿದೀಪದ ವಿಷಯ ಎತ್ತುವವರು ಹೆಚ್ಚಾಗಿ ನಮ್ಮವರೇ.

ನಾನು ಪೊಲೀಸನಲ್ಲ, ಆದರೆ ದೊಡ್ಡ ಪೊಲೀಸ್ ಕಚೇರಿಯೊಂದರಲ್ಲಿ ಬಹುಕಾಲ ಗುಮಾಸ್ತನಾಗಿದ್ದೆ. ಠಾಣೆಗಳಿಂದ ಬರುವ ಮಾಸಿಕ ತಖ್ತೆಗಳನ್ನು ಒಟ್ಟುಗೂಡಿಸಿ ಮೇಲಕ್ಕೆ ಕಳಿಸುವುದು ನನ್ನ ಕೆಲಸ. ನೀವು ನೋಡಿದಂಥ ಬಾಣಗಳಿಗೆ ಕಚ್ಚಾ ಸಾಮಗ್ರಿ ಒದಗಿಸುತ್ತಿದ್ದವರಲ್ಲಿ ನಾನೂ ಒಬ್ಬ ಎಂದುಕೊಳ್ಳಿ.

ಒಮ್ಮೆ ಬಾಕಿ ತಖ್ತೆಯೊಂದನ್ನು ತರಲು ಠಾಣೆಗೆ ಹೋಗಿದ್ದೆ. ಒಬ್ಬ ಹುಡುಗಿ ಬಂದು ರೈಟರ್, ಎಂದರೆ ಠಾಣೆಯ ಬರವಣಿಗೆ ನೋಡಿಕೊಳ್ಳುವ ಪೊಲೀಸ್, ಕೂರುವ ಮೇಜಿನ ಮುಂದೆ ನಿಂತಳು. ಕೈಚೀಲ ಕಿತ್ತುಕೊಂಡು ಹೋಗಿದ್ದರು. ಚೀಲದ ಪಟ್ಟಿಯ ತುಂಡು ಅವಳ ಕೈಯಲ್ಲೇ ಇತ್ತು, ತುದಿಯಲ್ಲಿ ದಾರ ಕಿತ್ತು ಬಂದಿತ್ತು. ರೈಟರ್ ಒಳ್ಳೆಯ ಮನುಷ್ಯ, ಅವಳಿಗೆ ಕುರ್ಚಿ ಹಾಕಿ ನೀರು ಕೊಟ್ಟ. ಆಮೇಲೆ ಮೆಲ್ಲಗೆ ಹೇಳಿದ: "ನೋಡಮ್ಮಾ, 'ಪ್ರಯಾಣದಲ್ಲಿ ಕಳೆದುಹೋಗಿದೆ' ಎಂದು ಬರೆದುಕೊಡು. ಸಿಮ್‌ಗೂ ಕಾರ್ಡುಗಳಿಗೂ ಅಷ್ಟು ಸಾಕು, ಕೋರ್ಟಿಗೆ ಅಲೆಯುವುದು ತಪ್ಪುತ್ತದೆ." ಅವಳು ಬರೆದುಕೊಟ್ಟು ಸ್ವೀಕೃತಿ ಪಡೆದು ಹೋದಳು. ಆ ತಿಂಗಳ ತಖ್ತೆಯ ಸುಲಿಗೆ ಕಾಲಮ್ಮಿನಲ್ಲಿ ಅವಳಿಲ್ಲ. ಪಟ್ಟಿಯ ತುಂಡು ಮೇಜಿನ ಮೇಲೇ ಉಳಿದಿತ್ತು, ಯಾರೋ ಎತ್ತಿ ಕಸದ ಬುಟ್ಟಿಗೆ ಹಾಕಿದರು.

ರೈಟರ್ ಹಾಗೆ ಮಾಡಿದ್ದು ಕೆಟ್ಟತನದಿಂದ ಅಲ್ಲ. ಸಂಖ್ಯೆ ಏರಿದರೆ ಇನ್‌ಸ್ಪೆಕ್ಟರ್‌ಗೆ ಮಾಸಿಕ ಸಭೆಯಲ್ಲಿ ಬೈಗುಳ, ಇನ್‌ಸ್ಪೆಕ್ಟರ್‌ನಿಂದ ರೈಟರ್‌ಗೆ ಬೈಗುಳ. ಬೈಗುಳ ತಪ್ಪಿಸಲು ಪೆನ್ನಿಗಿಂತ ಅಗ್ಗದ ಉಪಾಯವಿಲ್ಲ.

ಇದು ನಮ್ಮ ಕಡೆಯ ಕಥೆ ಮಾತ್ರ ಅಂದುಕೊಳ್ಳಬೇಡಿ. ನ್ಯೂಯಾರ್ಕ್ ಪೊಲೀಸರು 1994ರಲ್ಲಿ ಕಾಂಪ್‌ಸ್ಟ್ಯಾಟ್ ಎಂಬ ಪದ್ಧತಿ ತಂದರು. ಠಾಣಾ ಮುಖ್ಯಸ್ಥರನ್ನು ನಕ್ಷೆ, ಅಂಕಿಗಳ ಮುಂದೆ ನಿಲ್ಲಿಸಿ ಪ್ರಶ್ನಿಸುವ ಸಭೆ ಅದು. ಅಪರಾಧ ಇಳಿಯಿತು, ಜಗತ್ತಿನ ಅನೇಕ ನಗರಗಳು ಅದನ್ನು ನಕಲು ಮಾಡಿದವು. ಅದರ ಬೆನ್ನಿಗೇ ಗಂಭೀರ ಅಪರಾಧಗಳನ್ನು ಹಗುರ ಮಾಡಿ ಬರೆಯುತ್ತಾರೆ ಎಂಬ ದೂರೂ ಬೆಳೆಯಿತು. ಕೊನೆಗೆ ಆಯುಕ್ತರೇ ಮೂವರು ಮಾಜಿ ಸರ್ಕಾರಿ ವಕೀಲರ ಸಮಿತಿ ನೇಮಿಸಬೇಕಾಯಿತು. ಕೆಲವು ಬಗೆಯ ಅಂಕಿಗಳ ಮೇಲೆ ತಪ್ಪು ದಾಖಲಾತಿಯ ಪರಿಣಾಮ ಗಣನೀಯವಾಗಿರಬಹುದು ಎಂದು ಅವರ ವರದಿ 2013ರಲ್ಲಿ ಒಪ್ಪಿಕೊಂಡಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಥೆ ಇನ್ನೂ ಸ್ಪಷ್ಟ. ಪೊಲೀಸರು ದಾಖಲಿಸಿದ ಅಪರಾಧದ ಅಂಕಿಗಳಿಗಿದ್ದ 'ರಾಷ್ಟ್ರೀಯ ಅಂಕಿಅಂಶ' ಎಂಬ ಮಾನ್ಯತೆಯನ್ನೇ ಅಲ್ಲಿನ ಅಂಕಿಅಂಶ ಪ್ರಾಧಿಕಾರ 2014ರ ಜನವರಿಯಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಪೊಲೀಸರ ಕೆಲಸವನ್ನು ಪರಿಶೀಲಿಸುವ ಸಂಸ್ಥೆಯ ವರದಿ ಬಂತು: ಜನ ತಿಳಿಸಿದ ಅಪರಾಧಗಳಲ್ಲಿ ಸುಮಾರು ಶೇಕಡ 19 ದಾಖಲೆಗೇ ಸೇರಿಲ್ಲ, ಅಂದರೆ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು.

ಆದ್ದರಿಂದ ಮೇಡಂ, ಬಾಣದ ಬಗ್ಗೆ ಕೇಳಲೇಬೇಡಿ. ಠಾಣೆಯ ಬಾಗಿಲಿಗೆ ಎಷ್ಟು ಬಂತು, ಅದರಲ್ಲಿ ಎಫ್‌ಐಆರ್ ಆದದ್ದೆಷ್ಟು ಎಂದು ಕೇಳಿ. ತುರ್ತು ಸಂಖ್ಯೆ 112ಕ್ಕೆ ಬಂದ ಕರೆಗಳು, 'ಕಳೆದುಹೋಗಿದೆ' ಅರ್ಜಿಗಳು, ಎನ್‌ಸಿ (ಪೊಲೀಸರು ತಾವಾಗಿಯೇ ತನಿಖೆ ಮಾಡುವಂತಿಲ್ಲದ ಸಣ್ಣ ಅಪರಾಧ) ಎಂದು ಬರೆದು ಮುಚ್ಚಿದವು, ಸ್ವೀಕೃತಿ ಕೊಟ್ಟು ಕೈಬಿಟ್ಟ ದೂರುಗಳು, ಇವೆಲ್ಲ ಠಾಣೆಯ ಹೊರಬಾಗಿಲಿನ ಲೆಕ್ಕ. ಎಫ್‌ಐಆರ್ ಒಳಬಾಗಿಲಿನದು. ಎರಡು ಬಾಗಿಲಿನ ನಡುವೆ ಎಷ್ಟು ಉದುರುತ್ತದೆ ಎಂಬುದೇ ನಿಮ್ಮ ಪ್ರಶ್ನೆ. ಕಳವು ಇಳಿದು 'ಕಳೆದುಹೋಗಿದೆ' ಏರಿದ್ದರೆ ಮಿಕ್ಕದ್ದು ಗಣಿತದವರಿಗೆ ಹೇಳಬೇಕಿಲ್ಲ.

ದೂರಿನಲ್ಲಿ ಸಂಜ್ಞೇಯ (ಕಾಗ್ನಿಜಬಲ್) ಅಪರಾಧ, ಎಂದರೆ ಕೋರ್ಟಿನ ಅನುಮತಿಗೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದ ಅಪರಾಧ, ಕಂಡುಬಂದರೆ ಎಫ್‌ಐಆರ್ ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಈ ಒಂದು ತೀರ್ಪಿನ ಹೆಸರು ನೆನಪಿಟ್ಟುಕೊಂಡು ಹೋಗಿ, ಸಭೆಯಲ್ಲಿ ಕೆಲಸಕ್ಕೆ ಬರುತ್ತದೆ.

ಮೂರನೇ ಸಾಲಿನ ಕುರ್ಚಿ:

ಸರ್, ಆ ಪಟ್ಟಿಯ ತುಂಡು ಕಣ್ಣಿಂದ ಹೋಗುತ್ತಿಲ್ಲ. ಒಂದು ಅನುಮಾನ. ನಾವು ಹೀಗೆ ಕೇಳಿ ಎಲ್ಲ ದೂರೂ ದಾಖಲಾಗತೊಡಗಿದರೆ ಮುಂದಿನ ವರ್ಷ ಬಾಣ ಮೇಲಕ್ಕೆ ತಿರುಗುತ್ತದೆ. ಪತ್ರಿಕೆಗಳು 'ಅಪರಾಧ ಹೆಚ್ಚಳ' ಎಂದು ಬರೆಯುತ್ತವೆ. ಪ್ರಾಮಾಣಿಕವಾಗಿ ಬರೆದ ಇನ್‌ಸ್ಪೆಕ್ಟರ್‌ಗೇ ಪೆಟ್ಟು ಬೀಳುವುದಿಲ್ಲವೇ?

ಹಳೆಯ ಗುಮಾಸ್ತ:

ಖಂಡಿತ ಬೀಳುತ್ತದೆ. ಅದನ್ನು ತಡೆಯುವುದಕ್ಕೇ ನಿಮ್ಮಂಥವರು ಸಮಿತಿಯಲ್ಲಿ ಇರಬೇಕು. ಸಂಖ್ಯೆ ಏರಿದ ಠಾಣೆಯ ಪರವಾಗಿ "ಇವರು ಬರೆದುಕೊಳ್ಳುತ್ತಿದ್ದಾರೆ, ಅದಕ್ಕೇ ಏರಿದೆ" ಎಂದು ಹೊರಗಿನವರೊಬ್ಬರು ಎದ್ದು ಹೇಳಿದರೆ ಅದರ ತೂಕವೇ ಬೇರೆ.

ರಾತ್ರಿಪಾಳಿ:

ನನ್ನ ತಂದೆ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. ಗುಮಾಸ್ತರ ಮಾತು ಒಪ್ಪುತ್ತೇನೆ, ಆದರೆ ಎಲ್ಲ ಭಾರವನ್ನೂ ರೈಟರ್ ಪೆನ್ನಿನ ಮೇಲೆ ಹಾಕಿಬಿಟ್ಟಿರಿ. ಮೂವರು ಮಾಡುವ ಕೆಲಸಕ್ಕೆ ಒಬ್ಬನೇ ಇರುವಾಗ ಅವನು ದೂರನ್ನು ಹಗುರ ಮಾಡಿಯೇ ಬರೆಯುತ್ತಾನೆ. ಒಂದೊಂದು ಎಫ್‌ಐಆರ್ ಹಿಂದೆ ಮಹಜರು, ಹೇಳಿಕೆ, ಕೇಸ್ ಡೈರಿ, ಕೋರ್ಟು ಎಲ್ಲ ಇದೆ. ಅಪ್ಪನ ಖಾಕಿ ಷರ್ಟು ಮನೆಯಲ್ಲಿ ಒಣಗುತ್ತಿದ್ದುದಕ್ಕಿಂತ ಠಾಣೆಯ ಮಹಡಿಯಲ್ಲಿ ಒಣಗಿದ್ದೇ ಹೆಚ್ಚು.

ಯೋಜನೆ ಮಂಡಿಸುತ್ತಾರೆ ಎಂದಿರಲ್ಲ, ಅಲ್ಲಿ ಕೇಳಬೇಕಾದದ್ದು ಇದು: ಈ ಠಾಣೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಅದರಲ್ಲಿ ಬಂದೋಬಸ್ತಿಗೆ, ಒಒಡಿಗೆ (ಬೇರೆಡೆಯ ಕರ್ತವ್ಯಕ್ಕೆ), ಅಧಿಕಾರಿಗಳ ಮನೆಗೆ ಹೋದವರನ್ನು ಕಳೆದರೆ ರಾತ್ರಿ ಹನ್ನೊಂದರ ಮೇಲೆ ಬೀಟ್‌ನಲ್ಲಿ ನಿಜವಾಗಿ ಓಡಾಡುವವರು ಎಷ್ಟು? "ಗಸ್ತು ಹೆಚ್ಚಿಸಲಾಗುವುದು" ಎಂದು ಬರೆದಿದ್ದರೆ ಯಾರು, ಯಾವ ಗಂಟೆಗೆ, ಯಾವ ಕೆಲಸ ಬಿಟ್ಟು ಎಂದು ಕೇಳಿ. ಆಳಿಲ್ಲದ ಯೋಜನೆ ಹಾರೈಕೆ ಪತ್ರ ಅಷ್ಟೇ.

ಇನ್ನೊಂದು, ನಿಮ್ಮ ಇನ್‌ಸ್ಪೆಕ್ಟರ್ ಬಂದು ಎಷ್ಟು ತಿಂಗಳಾಯಿತು? ಪ್ರಕಾಶ್ ಸಿಂಗ್ ಪ್ರಕರಣದ 2006ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಠಾಣಾಧಿಕಾರಿಗೂ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂದು ಹೇಳಿದ್ದಾರೆ. ಪೊಲೀಸರ ಕೆಲಸದ ಮೌಲ್ಯಮಾಪನಕ್ಕೆ ರಾಜ್ಯ ಭದ್ರತಾ ಆಯೋಗ, ದೂರುಗಳಿಗೆ ಬೇರೆ ಪ್ರಾಧಿಕಾರ ಇರಬೇಕೆಂದೂ ಅದರಲ್ಲೇ ಇದೆ. ಆರು ತಿಂಗಳಿಗೊಬ್ಬರು ಬದಲಾದರೆ ವಾರ್ಷಿಕ ಯೋಜನೆಗೆ ಯಾರನ್ನು ಹೊಣೆ ಮಾಡುತ್ತೀರಿ?

ಬೇಸತ್ತವನು:

ಆಯೋಗ, ಪ್ರಾಧಿಕಾರ ಎಲ್ಲ ಕಾಗದದ ಮೇಲೆ. ನೀವಿಬ್ಬರೂ ಲಂಡನ್ ಅಂಥ ಊರಿನ ಕನಸು ಕಾಣುತ್ತಿದ್ದೀರಿ.

ಹಳೆಯ ಗುಮಾಸ್ತ:

ಲಂಡನ್ ಅಷ್ಟು ಸುಖದ ಊರಲ್ಲ ಸ್ವಾಮಿ. ಅಲ್ಲಿ ಚುನಾಯಿತ ಮೇಯರ್ ಪೊಲೀಸ್ ಮತ್ತು ಅಪರಾಧ ಯೋಜನೆಯನ್ನು ಪ್ರಕಟಿಸಬೇಕು. ಅದಕ್ಕೆಂದೇ 2012ರಲ್ಲಿ ಬೇರೆ ಕಚೇರಿ ಆಯಿತು. ಮೇಯರನ್ನು ಪ್ರಶ್ನಿಸಲು ನಗರಸಭೆಯ ಸಮಿತಿ ಇದೆ. ಇಷ್ಟೆಲ್ಲ ಇದ್ದೂ 2022ರಲ್ಲಿ ಅಲ್ಲಿನ ಮೆಟ್ರೊಪಾಲಿಟನ್ ಪೊಲೀಸರನ್ನು ವಿಶೇಷ ನಿಗಾದಲ್ಲಿ ಇಡಬೇಕಾಯಿತು. ಮರುವರ್ಷ, ಪಡೆಯ ಪರಿಶೀಲನೆಗೆ ನೇಮಿಸಿದ್ದ ಬ್ಯಾರೊನೆಸ್ ಕೇಸಿ ಅವರ ವರದಿ ಆ ಪಡೆಯಲ್ಲಿ ಸಾಂಸ್ಥಿಕ ವರ್ಣಭೇದ, ಸ್ತ್ರೀದ್ವೇಷ ಇದೆ ಎಂದೇ ಬರೆಯಿತು. ಅದಾದ ಮೇಲೆ ಹೊಸ ಮಂಡಳಿ ಮಾಡಿ ಬಹಿರಂಗ ಸಭೆ ಶುರುಮಾಡಿದರು. ಸಮಿತಿ ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ ಎಂಬ ನಿಮ್ಮ ಮಾತಿಗೆ ಅದೇ ಸಾಕ್ಷಿ. ಆದರೆ ಅಲ್ಲಿ ಬೈದದ್ದೂ ಬೈಸಿಕೊಂಡದ್ದೂ ಬರವಣಿಗೆಯಲ್ಲಿದೆ. ನಮ್ಮಲ್ಲಿ ಸಭೆ ಮುಗಿದರೆ ಲೋಟ ಮಾತ್ರ ಉಳಿಯುತ್ತದೆ.

ಮೂರನೇ ಸಾಲಿನ ಕುರ್ಚಿ (ನಾಲ್ಕು ತಿಂಗಳ ನಂತರ):

ಎಲ್ಲರಿಗೂ ನಮಸ್ಕಾರ. ನಿನ್ನೆ ಎರಡನೇ ಸಭೆಯ ನಡಾವಳಿ ಕೈಗೆ ಬಂತು, ಅದಕ್ಕೇ ಬರೆಯುತ್ತಿದ್ದೇನೆ.

ಸಭೆಯಲ್ಲಿ ಎದ್ದು ನಿಂತು ಎರಡೇ ಪ್ರಶ್ನೆ ಕೇಳಿದೆ. ಮೊದಲನೆಯದು 'ಕಳೆದುಹೋಗಿದೆ' ಅರ್ಜಿಗಳ ಲೆಕ್ಕ. ಅಧಿಕಾರಿ ಸಹಾಯಕರ ಮುಖ ನೋಡಿದರು, ಸಹಾಯಕರು ಕಡತ ನೋಡಿದರು. ಆಮೇಲೆ "ಮುಂದಿನ ಸಭೆಗೆ ಕೊಡುತ್ತೇವೆ ಮೇಡಂ, ಒಳ್ಳೆಯ ಪ್ರಶ್ನೆ" ಎಂದರು. ವ್ಯಂಗ್ಯ ಇರಲಿಲ್ಲ, ನಿಜವಾಗಿಯೇ ಹೇಳಿದಂತಿತ್ತು. ಎರಡನೆಯದು ರಾತ್ರಿ ಹನ್ನೊಂದರ ಲೆಕ್ಕ. ಅದಕ್ಕೆ ಅವರು ಬಾಯಿಬಿಡುವ ಮೊದಲೇ ಬಾಗಿಲ ಹತ್ತಿರ ನಿಂತಿದ್ದ ಕಾನ್‌ಸ್ಟೆಬಲ್ ನಕ್ಕುಬಿಟ್ಟ. ಪಾಪ, ತಕ್ಷಣ ಕೆಮ್ಮಿದಂತೆ ಮಾಡಿದ.

ನಡಾವಳಿಯಲ್ಲಿ ಈ ಎರಡೂ ಇಲ್ಲ. "ಸಮಿತಿಯ ಸದಸ್ಯರು ಇಲಾಖೆಯ ಕಾರ್ಯವೈಖರಿಯ ಬಗ್ಗೆ ಮೆಚ್ಚುಗೆ ವ್ಯಕ್ತಪಡಿಸಿದರು" ಎಂದಿದೆ. ಕೆಳಗೆ ಹಾಜರಿದ್ದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ.

ಹಳೆಯ ಗುಮಾಸ್ತ:

ಅಂಥ ವಾಕ್ಯವನ್ನು ನಾನೇ ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಹಳೆಯ ನಡಾವಳಿಯಿಂದ ಹಾಗೆಯೇ ಎತ್ತಿ ಹಾಕುತ್ತಾರೆ.

ಇವತ್ತೇ ಪತ್ರ ಬರೆಯಿರಿ. ಎರಡು ಪ್ಯಾರಾ ಸಾಕು: ಇಂಥ ದಿನಾಂಕದ ಸಭೆಯಲ್ಲಿ ನಾನು ಈ ಎರಡು ಪ್ರಶ್ನೆ ಕೇಳಿದೆ, ಇಂಥ ಉತ್ತರ ಬಂತು, ನಡಾವಳಿಯನ್ನು ತಿದ್ದಿ ದೃಢೀಕರಿಸಬೇಕು. ಅಂಚೆಯಲ್ಲಿ ಹಾಕಬೇಡಿ, ಟಪಾಲು ವಿಭಾಗಕ್ಕೆ ನೀವೇ ಹೋಗಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬನ್ನಿ. ಮಧ್ಯಾಹ್ನ ಮೂರರ ಒಳಗೆ ಹೋಗಿ, ಆಮೇಲೆ ಮೊಹರು ಬೀರುವಿಗೆ ಹೋಗುತ್ತದೆ.