ಉದ್ರಿ ಮಾಲು, ಲಾರಿ ಬಾಡಿಗಿ, ಮೈನಸ್ ಕ್ಯಾಶ್: ಯಾವುದನ್ನ ಎಲ್ಲಿ ಬರೀಬೇಕ್ರಿ?

ವೈರ್‌ಅಂಗಡಿ_ಕಲಬುರಗಿ:
ಸೂಪರ್ ಮಾರ್ಕೆಟ್ ಕಡೆ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ, ರೆಗ್ಯುಲರ್ ಜಿಎಸ್‌ಟಿ. ಹೈದರಾಬಾದಿನ ಟ್ರೂಪ್ ಬಜಾರಿನಿಂದ ಉದ್ರಿ ಮಾಲು ಬಂದದ. ಮಾಲು ₹1,00,000, ಐಜಿಎಸ್‌ಟಿ ₹18,000. 10 ದಿನದಾಗ ರೊಕ್ಕ ಕೊಟ್ರ ತೆರಿಗಿ ಬಿಟ್ಟು ಮಾಲಿನ ಬೆಲಿ ಮ್ಯಾಲ 2% ಬಿಡ್ತಾರ. ₹5,000ದ ಸ್ವಿಚ್ ವಾಪಸ್ ಕಳಿಸೀವಿ. ಲಾರಿ ಬಾಡಿಗಿ ₹2,400, ಹಮಾಲಿ ₹300 ಗಲ್ಲಾದಿಂದ ಕೊಟ್ಟೀವಿ. ಅದೇ ವಾರ ಅಂಗಡಿಗೆ ಒಂದು ಕೌಂಟರ್ ಟೇಬಲ್ಲೂ ಉದ್ರಿ ತಗೊಂಡೀವಿ. ಎಲ್ಲಾ ಪರ್ಚೇಸ್‌ನಾಗೇ ಹಾಕಿದ್ರ ನಡೀತದೇನ್ರಿ? ಮತ್ತ ಟ್ಯಾಲಿಯೊಳಗ (ಲೆಕ್ಕದ ಸಾಫ್ಟ್‌ವೇರ್) ಕ್ಯಾಶ್ ಮೈನಸ್ ತೋರಸ್ತದ, ಯಾಕ?

ಗಂಜ್‌ಗುಮಾಸ್ತ:
ನಡೆಯಲ್ಲ ಸರ್. ಪರ್ಚೇಸ್ ಅಂದರೆ ಮಾರೋಕೆ ತಂದ ಮಾಲು ಮಾತ್ರ. ಕೈಯಿಂದ ಬರೆಯೋ ಖರೀದಿ ಪುಸ್ತಕಕ್ಕೆ ಅದರಲ್ಲೂ ಉದ್ರಿ ಮಾಲಷ್ಟೇ ಹೋಗೋದು, ನಗದು ಖರೀದಿ ನೇರ ಕ್ಯಾಶ್ ಬುಕ್ಕಿಗೆ. ಕೌಂಟರ್ ಟೇಬಲ್ ಫರ್ನಿಚರ್, ಅದು ಆಸ್ತಿ. ಪುಸ್ತಕದಲ್ಲಾದರೆ ಜರ್ನಲ್. ಟ್ಯಾಲಿಯಲ್ಲಿ ಎಫ್9ರಲ್ಲೇ (ಪರ್ಚೇಸ್ ವೋಚರ್) ಹಾಕಬಹುದು, ಆದರೆ ಪರ್ಚೇಸ್ ಲೆಡ್ಜರ್ ಬದಲು ಫರ್ನಿಚರ್ ಲೆಡ್ಜರ್ ಆರಿಸಿ. ಇಲ್ಲಾಂದ್ರೆ ಆ ವರ್ಷದ ಲಾಭ ಸುಳ್ಳೇ ಕಮ್ಮಿ ಕಾಣುತ್ತೆ.

ಮಾಲಿನ ಬಿಲ್ಲು, ಎಫ್9: ಪರ್ಚೇಸ್ ಡೆಬಿಟ್ 1,00,000, ಇನ್‌ಪುಟ್ ಐಜಿಎಸ್‌ಟಿ ಡೆಬಿಟ್ 18,000 (ಇದು ಮುಂದೆ ನೀವು ಕಟ್ಟೋ ತೆರಿಗೆಯಲ್ಲಿ ಕಳೆದುಕೊಳ್ಳೋ ಇನ್‌ಪುಟ್ ಕ್ರೆಡಿಟ್), ಪಾರ್ಟಿ (ಮಾಲು ಕೊಟ್ಟವರು) ಕ್ರೆಡಿಟ್ 1,18,000.

ವಾಪಸ್ ಹೋದ ಸ್ವಿಚ್ಚಿಗೆ ಮೂಲ ಬಿಲ್ಲನ್ನ ತಿದ್ದಿ 95,000 ಮಾಡಬೇಡಿ. ಜಿಎಸ್‌ಟಿಆರ್-2ಬಿ (ನಿಮಗೆ ಸಿಗೋ ಇನ್‌ಪುಟ್ ಕ್ರೆಡಿಟ್ ತೋರಿಸೋ ಪೋರ್ಟಲ್ ಪಟ್ಟಿ) ಒಳಗೆ ಪೂರ್ತಿ ಬಿಲ್ಲೇ ಬಂದಿರುತ್ತೆ, ತಾಳೆ ತಪ್ಪುತ್ತೆ. ಆಲ್ಟ್+ಎಫ್5, ಡೆಬಿಟ್ ನೋಟ್: ಪಾರ್ಟಿ ಡೆಬಿಟ್ 5,900, ಪರ್ಚೇಸ್ ರಿಟರ್ನ್ ಕ್ರೆಡಿಟ್ 5,000, ಐಜಿಎಸ್‌ಟಿ ಕ್ರೆಡಿಟ್ 900. ಅವರ ಕಡೆಯಿಂದ ಕ್ರೆಡಿಟ್ ನೋಟ್ ಕೇಳಿ ತಗೊಳ್ಳಿ. ಈಗ ಬಾಕಿ 1,12,100.

ಎಲ್ಲರೂ ಎಡವೋದು ಡಿಸ್ಕೌಂಟಲ್ಲಿ. 2% ಹಾಕೋದು 95,000ಕ್ಕೆ, ಅಂದರೆ 1,900. ತೆರಿಗೆ ಸೇರಿಸಿ 1,12,100ಕ್ಕೆ ಹಾಕಿದರೆ 2,242 ಆಗಿ, ಪಾರ್ಟಿ ಖಾತೆಯಲ್ಲಿ ₹342 ಬಾಕಿ ವರ್ಷಗಟ್ಟಲೆ ನೇತಾಡುತ್ತೆ. ಪೇಮೆಂಟ್, ಎಫ್5: ಪಾರ್ಟಿ ಡೆಬಿಟ್ 1,12,100, ಬ್ಯಾಂಕ್ ಕ್ರೆಡಿಟ್ 1,10,200, ಡಿಸ್ಕೌಂಟ್ ರಿಸೀವ್ಡ್ ಕ್ರೆಡಿಟ್ 1,900. ಒಂದೇ ವೋಚರಲ್ಲಿ ತೊಡಕಾದರೆ ಡಿಸ್ಕೌಂಟನ್ನ ಜರ್ನಲ್‌ನಲ್ಲಿ ಬೇರೆ ಹಾಕಿ. ಬಿಲ್ಲಲ್ಲೇ ಕಳೆದು ಕೊಟ್ಟ ಟ್ರೇಡ್ ಡಿಸ್ಕೌಂಟ್‌ಗೆ ಮಾತ್ರ ಯಾವ ಎಂಟ್ರಿಯೂ ಇಲ್ಲ.

ಬಿಲ್ಟಿ_ನೋಡ್ರಿ:
ಬಾಡಿಗಿ ಮಾತು ಉಳೀತು. ₹2,400 ಮತ್ತ ₹300 ಪಾರ್ಟಿ ಖಾತಾಕ್ಕ ಹಚ್ಚಬ್ಯಾಡ್ರಿ, ಅದು ನಿಮ್ಮ ಖರ್ಚು. ಫ್ರೈಟ್ ಇನ್‌ವರ್ಡ್, ಹಮಾಲಿ ಅಂತ ನೇರ ಖರ್ಚಿನ ಲೆಡ್ಜರ್ ಮಾಡಿ ಕ್ಯಾಶ್ ಕ್ರೆಡಿಟ್ ಮಾಡ್ರಿ. ಮಾರೂಮುಂದ ಗಿರಾಕಿ ಮನಿಗೆ ಕಳಿಸಿದ ಆಟೋ ಬಾಡಿಗಿ ಇದ್ರಾಗ ಬೆರಸಬ್ಯಾಡ್ರಿ. ತರೋ ಬಾಡಿಗಿ ಮಾಲಿನ ಅಸಲಿಗೆ ಸೇರ್ತದ, ಕಳಿಸೋದು ಸೇರಂಗಿಲ್ಲ.

ಬಿಲ್ಟಿ (ಲಾರಿ ರಸೀದಿ) ಕೊಟ್ಟ ಟ್ರಾನ್ಸ್‌ಪೋರ್ಟ್‌ನವರು ತಾವೇ ತೆರಿಗಿ ಹಾಕಿಲ್ಲಂದ್ರ ರಿವರ್ಸ್ ಚಾರ್ಜ್, ಅಂದ್ರ ಅವರ ಬದಲು ನೀವು ತೆರಿಗಿ ಕಟ್ಟೋದು, ನಿಮ್ಮ ಮ್ಯಾಲ ಬರ್ತದ. 2,400ಕ್ಕ 5%, ₹120. ಇನ್‌ಪುಟ್ ಕ್ರೆಡಿಟ್‌ನಾಗ ಇದನ್ನ ತೀರಸ್ಲಿಕ್ಕ ಬರಂಗಿಲ್ಲ, ನಗದಾಗೇ (ಪೋರ್ಟಲ್ಲಿನ ಕ್ಯಾಶ್ ಲೆಡ್ಜರಿನಿಂದ) ಕಟ್ಟಿ ಆಮ್ಯಾಲ ಕ್ರೆಡಿಟ್ ತಗೋಬೇಕು. ಕಂಪೋಸಿಷನ್‌ನಾಗ (ಸಣ್ಣ ವ್ಯಾಪಾರಿಗಳ ಸರಳ ತೆರಿಗಿ ಯೋಜನಾ) ಇರೋರಿಗೆ ಕ್ರೆಡಿಟ್ಟೇ ಇಲ್ಲ. ಅವರು ಪರ್ಚೇಸ್ ಅಂತ ಪೂರ್ತಿ 1,18,000 ಹಾಕಬೇಕು.

ವೈರ್‌ಅಂಗಡಿ_ಕಲಬುರಗಿ:
ಪಾರ್ಟಿ ನಗದೇ ಕೇಳ್ಲಾಕತ್ತಾರ. ₹9,900ರಂಗ ಬ್ಯಾರೆ ಬ್ಯಾರೆ ವೋಚರ್ ಮಾಡಿದ್ರ?

ಗಂಜ್‌ಗುಮಾಸ್ತ:
ಒಂದೇ ದಿನ ಹತ್ತು ವೋಚರ್ ಮಾಡಿದರೂ ಉಪಯೋಗವಿಲ್ಲ. ಒಬ್ಬರಿಗೆ ಒಂದು ದಿನ ನಗದಾಗಿ ಕೊಟ್ಟದ್ದು ಒಟ್ಟು ₹10,000 ದಾಟಿದರೆ ಆದಾಯ ತೆರಿಗೆಯಲ್ಲಿ ಆ ಖರ್ಚೇ ಒಪ್ಪಲ್ಲ. ಲಾರಿಯವರಿಗೆ ಮಿತಿ ₹35,000. ಗಂಜಿನಲ್ಲಿ ರೈತರಿಂದಲೇ ತೊಗರಿ ಕೊಂಡು ಅವರ ಕೈಗೇ ನಗದು ಕೊಡೋರಿಗೆ ವಿನಾಯಿತಿ ಇದೆ, ಅದನ್ನ ನೋಡಿ ಎಲ್ಲರಿಗೂ ಇದೆ ಅಂದುಕೊಳ್ಳೋರು ಬಹಳ. ವೈರ್ ತೊಗರಿ ಅಲ್ಲ. ಆರ್‌ಟಿಜಿಎಸ್ ಮಾಡಿ. ಇನ್ನೊಂದು: ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಕೊಡದಿದ್ದರೆ ತಗೊಂಡ ಇನ್‌ಪುಟ್ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಹೋಗುತ್ತೆ.

ಬಿಲ್ಟಿ_ನೋಡ್ರಿ:
ಮೈನಸ್ ಕ್ಯಾಶಿಗೆ: ಇಲ್ಲದ ರೊಕ್ಕ ಗಲ್ಲಾದಿಂದ ಹೋಗಂಗಿಲ್ಲ, ಅಂದ್ರ ಬಂದದ್ದು ಬರಿಯೋದು ಬಿಟ್ಟದ. ಕ್ಯಾಶ್ ಲೆಡ್ಜರ್ ತಗದು ಮೊದಲ ಮೈನಸ್ ಆದ ತಾರೀಖು ಹುಡುಕ್ರಿ. ಹೆಚ್ಚಿನಂಶ ಮೂರರಾಗ ಒಂದು ಇರ್ತದ: ದಿನದ ನಗದು ಮಾರಾಟ ತಿಂಗಳ ಕಡೀಗೆ ಒಮ್ಮೆಲೆ ಹಾಕಿರ್ತೀರಿ, ಬ್ಯಾಂಕಿನಿಂದ ತಗದ ರೊಕ್ಕದ ಕಾಂಟ್ರಾ (ಎಫ್4) ಹಾಕಿರಂಗಿಲ್ಲ, ಇಲ್ಲಾ ಫೋನ್‌ಪೇದಿಂದ ಕೊಟ್ಟದ್ದನ್ನ ಕ್ಯಾಶ್ ಅಂತ ಬರದಿರ್ತೀರಿ. ಮೈನಸ್ ಮುಚ್ಚಲಿಕ್ಕ ಅಣ್ಣನ ಹತ್ರ ಕೈಸಾಲ ಅಂತ ಸುಳ್ಳು ಎಂಟ್ರಿ ಹಾಕಬ್ಯಾಡ್ರಿ. ನಗದು ಸಾಲ ₹20,000 ಮುಟ್ಟಿತಂದ್ರ ಸಾಲದಷ್ಟೇ ದಂಡ ಬೀಳೋ ಕಲಮು ಅದ.

ರಾತ್ರಿ ಶಟರ್ ಎಳಿಯೂಮುಂದ ನೋಟು ಎಣಿಸ್ರಿ. 500ರವು ಎಷ್ಟು, 200ರವು ಎಷ್ಟು, ಚಿಲ್ಲರ ಎಷ್ಟು ಅಂತ ಚೀಟಿ ಬರದು ಕ್ಯಾಶ್ ಬುಕ್ಕಿನ ಬ್ಯಾಲೆನ್ಸಿಗೆ ಹೊಂದಿಸ್ರಿ. ಮನಿ ಖರ್ಚಿಗೆ ಗಲ್ಲಾದಿಂದ ತಗದದ್ದು ಡ್ರಾಯಿಂಗ್ಸ್‌ನಾಗ ಅಂದೇ ಹಾಕ್ರಿ.

ವೈರ್‌ಅಂಗಡಿ_ಕಲಬುರಗಿ:
ಸಿಕ್ತು ನೋಡ್ರಿ. ಎರಡು ಕಾಂಟ್ರಾ ಹಾಕಿದ್ದೇ ಇಲ್ಲ.